ಸುಟ್ಟ ಜಡೆಗೆ ಮರಳಿ ಬಣ್ಣ

ಉದುರಿದ ಕೂದಲು ಕಂಡರೆ ನನಗೆ ವಾಕರಿಕೆ. ರೋಣದಲ್ಲಿ ಹನ್ನೊಂದು ವರ್ಷದಿಂದ ಬ್ಯೂಟಿ ಪಾರ್ಲರ್ ನಡೆಸುವವಳು ಆಡುವ ಮಾತಲ್ಲ ಇದು, ಗೊತ್ತು. ತಲೆಯ ಮೇಲಿರುವ ತನಕ ಕೂದಲು ಲಕ್ಷಣ. ನೆಲಕ್ಕೆ ಬಿತ್ತೋ, ಮೈಯೆಲ್ಲ ಜುಂ ಎನ್ನುತ್ತದೆ. ನಮ್ಮ ಕಡೆ ಹೆಂಗಸರು ಬಾಚಣಿಕೆಗೆ ಬಂದ ಕೂದಲನ್ನು ಉಂಡೆ ಸುತ್ತಿ, ಚೀಲದಲ್ಲಿ ತುಂಬಿ ಗೂಟಕ್ಕೆ ನೇತು ಹಾಕುತ್ತಾರೆ. ಕೂದಲು ಕೊಳ್ಳುವವನು ಓಣಿಗೆ ಬಂದಾಗ ಅದನ್ನು ಕೊಟ್ಟು ಸ್ಟೀಲ್ ಡಬ್ಬಿ ತಗೊಳ್ಳುತ್ತಾರೆ. ಆ ಡಬ್ಬಿಯ ಉಪ್ಪಿನಕಾಯಿ ನನಗೆ ಬಡಿಸಿದರೆ ನಾನು ಬೆರಳು ತಾಗಿಸುವುದಿಲ್ಲ.

ಒಬ್ಬಳ ಕೂದಲಿಗೆ ಮಾತ್ರ ಈ ಹೇಸಿಗೆ ಇರಲಿಲ್ಲ. ಗಜೇಂದ್ರಗಡಕ್ಕೆ ಕೊಟ್ಟ ನನ್ನ ಅಕ್ಕನ ಮಗಳದು. ಕಾಡಿಗೆ ಕಪ್ಪು, ಸೊಂಟ ದಾಟಿದ ಜಡೆ. ಅವಳು ಶಾಲೆಗೆ ಸೇರುವ ಮೊದಲೇ ಆ ತಲೆ ಬಾಚಿದವಳು ನಾನು. "ನಿನ್ನ ಮದುವ್ಯಾಗ ಮೊಗ್ಗಿನ ಜಡಿ ಹಾಕಾಕಿ ನಾನ" ಎಂದು ಪ್ರತಿ ಸೂಟಿಯಲ್ಲೂ ಹೇಳುತ್ತಿದ್ದೆ. "ನೀನ ಹಾಕಬೇಕ, ಚಿಗವ್ವ" ಎನ್ನುತ್ತಿದ್ದಳು.

ಮದುವೆಗೆ ಐದು ವಾರ ಇದ್ದಾಗ ರೋಣಕ್ಕೆ ಬಂದು, ಜಡೆಯಲ್ಲಿ ನಾಲ್ಕು ಎಳೆ ಜೇನಿನ ಬಣ್ಣ ಮಾಡು, ಫೋಟೋದಲ್ಲಿ ಚೆಂದ ಕಾಣುತ್ತದೆ ಎಂದಳು. ಬೇಡ ಎನ್ನಬೇಕಾದವಳು ನಾನು. ಆದರೆ ನರಗುಂದದ ಪೇಟೆಯಿಂದ ಬಣ್ಣ ತೆಗೆಯುವ ಪುಡಿ ತಂದಿಟ್ಟು ಆರು ತಿಂಗಳಾಗಿತ್ತು, ಊರಲ್ಲಿ ಒಬ್ಬರೂ ಕೇಳಿರಲಿಲ್ಲ. ವಿದ್ಯೆ ತೋರಿಸುವ ಚಪಲ ನೋಡಿ! ನಾಲ್ಕು ಎಳೆ ಕೇಳಿದವಳಿಗೆ ಅರ್ಧ ತಲೆ ಬಳಿದೆ. ತೊಳೆದರೆ ಜೇನಿನ ಬಣ್ಣವಲ್ಲ, ಗಜ್ಜರಿ ಬಣ್ಣ. ಅಲ್ಲಿಗೇ ನಿಲ್ಲಿಸಬೇಕಿತ್ತು. ಅದೇ ದಿನ, ಅದೇ ಕೂದಲಿಗೆ, ಮತ್ತೊಮ್ಮೆ ಬಳಿದೆ.

ಎರಡನೇ ಸಲ ತೊಳೆಯುವಾಗ ಕೈಗೆ ಸಿಕ್ಕಿದ್ದು ಕೂದಲಲ್ಲ. ನೆಂದ ಶ್ಯಾವಿಗೆಯ ಹಾಗೆ ಜಿಗಿಜಿಗಿ. ಎಳೆದರೆ ಹಿಗ್ಗುತ್ತಿತ್ತು, ಇನ್ನಷ್ಟು ಎಳೆದರೆ ಹರಿಯುತ್ತಿತ್ತು. ಘಾಟು ಮೂಗಿಗೆ ಬಡಿಯುತ್ತಿತ್ತು.

"ಚಿಗವ್ವ, ಚಲೋ ಆಗೇತೇನ?" ಅವಳು ಕಣ್ಣು ಮುಚ್ಚಿಕೊಂಡೇ ಕೇಳಿದಳು.

"ಹ್ಞೂಂ, ಚಲೋ ಆಗೇತಿ" ಎಂದೆ. ಹಾಗೆ ಅಂದ ನನ್ನ ಬಾಯಿ ಇವತ್ತಿಗೂ ನನಗೇ ಹೇಸಿಗೆ.

ಕನ್ನಡಿ ನೋಡಿ ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಬುದ್ಧಿ ಬರುತ್ತಿತ್ತೋ ಏನೋ. ನಮ್ಮ ಕಡೆ ತಲೆಯ ಎಲ್ಲ ತಕರಾರಿಗೂ ಒಂದೇ ಮದ್ದು, ಕಪ್ಪು ಮೆಹಂದಿ. ಕಬ್ಬಿಣದ ಬಾಣಲೆಯಲ್ಲಿ ಚಹಾದ ಕಷಾಯ ಹಾಕಿ ನೆನೆಸುವುದು, ತಲೆಗೆ ಮೆತ್ತುವುದು. ಅಬ್ಬಿಗೇರಿ, ಜಕ್ಕಲಿಯ ನರೆತ ತಲೆಗಳಿಗೆಲ್ಲ ಮೆತ್ತಿ ಮೆತ್ತಿ ಪಳಗಿದ ಕೈ ಮರುದಿನ ಇವಳಿಗೂ ಅದನ್ನೇ ಮೆತ್ತಿತು. ನರೆತ ಕೂದಲು ಬೇರೆ, ಸುಟ್ಟ ಕೂದಲು ಬೇರೆ ಎಂದು ಹೊಳೆಯಲಿಲ್ಲ. ತೊಳೆದಾಗ ಹಸಿರು! ಹೊಂಡದ ಪಾಚಿಯ ಹಸಿರು. ಹುಡುಗಿ ತಲೆಗೆ ಓಢಣಿ ಸುತ್ತಿಕೊಂಡು ಗಜೇಂದ್ರಗಡದ ಬಸ್ಸು ಹತ್ತಿದಳು.

ಎರಡು ದಿನ ಬಿಟ್ಟು ನಾನೂ ಹೋದೆ. ಚೀಲದಲ್ಲಿ ಖಡಕ್ ಕರಿ ಬಣ್ಣದ ಡಬ್ಬಿ ಇಟ್ಟುಕೊಂಡೇ ಹೋದೆ, ನನ್ನ ಸೊಕ್ಕು ಇನ್ನೂ ಇಳಿದಿರಲಿಲ್ಲ. ಅಕ್ಕನ ಅತ್ತೆ ಪಡಸಾಲೆಯಲ್ಲಿ ಕುಳಿತಿದ್ದರು. ಸೀರೆ ನೇಯುವ ಮನೆ ಅವರದು. ಆ ಮುದುಕಿ ಜನ್ಮವಿಡೀ ನೂಲಿಗೆ ಬಣ್ಣ ಹಾಕಿದವರು. ಮೊಮ್ಮಗಳ ಕೂದಲಿನ ತುದಿ ಮೂಸಿ ನೋಡಿ "ಥೂ" ಎಂದರು.

"ನೂಲು ಸುಟ್ಟರ ಬ್ಯಾರೆ ಲಡಿ ತರ್ತೀವಿ. ಇಕಿ ತಲಿ ಎಲ್ಲಿಂದ ತರತಿ, ತಂಗಿ?"

"ಈ ಕರಿ ಬಣ್ಣ ಹಚ್ಚಿದ್ರ ಒಂದ ತಾಸಿನ್ಯಾಗ ಎಲ್ಲಾ ಮುಚ್ಚತೈತ್ರಿ, ಅತ್ತಿ" ಎಂದೆ.

"ಮೊದಲ ಒಂದ ಎಳಿ, ಆಮ್ಯಾಲೆ ಇಡೀ ಲಡಿ. ಉದುರಿದ್ದಕ್ಕ ಹಚ್ಚಿ ತೋರಸು."

ಗೂಟದ ಮೇಲಿನ ಕೂದಲ ಚೀಲ ಇಳಿಸಿ ನನ್ನ ಮುಂದೆ ಸುರಿದರು. ಮೇಲಿನ ಉಂಡೆಗಳೆಲ್ಲ ಹಸಿರು, ಎರಡು ದಿನದಲ್ಲಿ ಉದುರಿದ್ದವು. ಉಸಿರು ಬಿಗಿ ಹಿಡಿದು ಒಂದನ್ನು ಎತ್ತಿ, ಬಟ್ಟಲಲ್ಲಿ ಹಾಕಿ ನನ್ನ ಬಣ್ಣ, ಅದರ ಜೊತೆಯ ದ್ರಾವಣ ಕಲಸಿದೆ. ಕಪ್ಪು ಮೆಹಂದಿಯ ಲೋಹಕ್ಕೆ ದ್ರಾವಣ ತಾಗಿದ್ದೇ ಬಟ್ಟಲು ಬಿಸಿಯಾಯಿತು. ನೊರೆ ಎದ್ದಿತು. ಕಡ್ಡಿಯಿಂದ ಎತ್ತಿದರೆ ಕೂದಲು ತುಂಡು ತುಂಡಾಗಿ ಕೆಳಗೆ ಬಿತ್ತು. ಇದು ಆ ಹುಡುಗಿಯ ನೆತ್ತಿಯ ಮೇಲಾಗಿದ್ದರೆ? ಹಿತ್ತಲಿಗೆ ಹೋಗಿ ವಾಂತಿ ಮಾಡಿಕೊಂಡು ಬಂದೆ.

ಆಮೇಲೆ ಮುದುಕಿ ಹೇಳಿದ ಹಾಗೆಯೇ ಕೇಳಿದೆ. ಎರಡು ವಾರ ಕೊಬ್ಬರಿ ಎಣ್ಣೆ, ತಣ್ಣೀರು, ಅಷ್ಟೇ. ಬಿಸಿ ಗಾಳಿಯ ಮಷಿನ್ ಕಣ್ಣಿಗೂ ಕಾಣಬಾರದು. ಹರಿದ ತುದಿ ಒಂದು ಗೇಣು ಕತ್ತರಿಸಿದೆವು, ಸೊಂಟದ ಜಡೆ ಬೆನ್ನಿಗೆ ಬಂತು.

"ಬಿಳೀ ನೂಲಿಗೆ ಸೀದಾ ಕರಿ ಹಾಕಿದ್ರ ಹೆಣದ ಬಣ್ಣ ಬರತೈತಿ. ಮೊದಲ ಕೆಂಪು ಕುಡಸು, ಆಮ್ಯಾಲೆ ಕಂದು. ಒಣಾ ನೂಲು ಒಂದ ಕಡೆ ಭಾಳ ಕುಡೀತೈತಿ, ಒಂದ ಕಡೆ ಕಮ್ಮಿ. ಹಸಿ ಮಾಡಿ ಹಚ್ಚು" ಎಂದರು ಮುದುಕಿ.

ಅಮೋನಿಯಾ ಇಲ್ಲದ, ಇನ್ನೊಂದು ದ್ರಾವಣ ಬೆರೆಸಬೇಕಿಲ್ಲದ ಬಣ್ಣ ನನ್ನ ಕಪಾಟಿನಲ್ಲೇ ಧೂಳು ತಿನ್ನುತ್ತಿತ್ತು. ತಾಮ್ರದ್ದೊಂದು, ಕಂದಿನದೊಂದು. ಸಾವಕಾಶ ಹತ್ತುತ್ತದೆ, ತೊಳೆದಂತೆ ಮಾಸುತ್ತದೆ ಎಂದು ಯಾರಿಗೂ ಬೇಡವಾಗಿತ್ತು. ಪ್ರತಿ ಸಲ ಹಚ್ಚುವ ಮೊದಲು ಆ ಹಸಿರು ಉಂಡೆ ಬಿಡಿಸಿ, ಒಂದು ಎಳೆಗೆ ಹಚ್ಚಿ, ಒಣಗಿಸಿ, ಎಳೆದು ನೋಡುವ ಕೆಲಸ ನನ್ನದು. ಬರಿಗೈಯಲ್ಲಿ. ಹೇಸಿಗೆಯಿಂದ ಮೈ ಮುದುಡುತ್ತಿತ್ತು, ಆದರೂ ಮಾಡಿದೆ. ಮೊದಲ ವಾರ ತಾಮ್ರ ಕುಡಿಸಿದೆವು, ಮರುವಾರ ಕಂದು. ಉಜ್ಜದೆ, ಹಳೆಯ ನೂಲಿನ ಸೀರೆಯಲ್ಲಿ ಒತ್ತಿ ಒಣಗಿಸಿದೆವು. ಕಾಡಿಗೆ ಕಪ್ಪು ಬರಲಿಲ್ಲ. ಹುಣಸೆ ಬೀಜದ ಬಣ್ಣ ಬಂತು. ಬಾಚಿದರೆ ಕೂದಲು ಹರಿಯುತ್ತಿರಲಿಲ್ಲ.

ಮದುವೆಯ ಬೆಳಗ್ಗೆ ಬಾಚಣಿಕೆ ಹಿಡಿದು, ಮಲ್ಲಿಗೆ ಮೊಗ್ಗಿನ ಬುಟ್ಟಿ ಪಕ್ಕಕ್ಕಿಟ್ಟುಕೊಂಡು ಅವಳ ಹಿಂದೆ ಕುಳಿತೆ. ನನ್ನ ಕೈ ಕೂದಲಿಗೆ ತಾಗಿದ್ದೇ ತಡ, ಅವಳ ಹೆಗಲು ಬಿಗಿಯಾಯಿತು. ಬಲಗೈ ತಾನಾಗಿ ಮೇಲೆ ಬಂದು ಜಡೆಯ ಬುಡ ಹಿಡಿದುಕೊಂಡಿತು. ಕನ್ನಡಿಯಲ್ಲಿ ನನ್ನನ್ನು ನೋಡಿ ನಕ್ಕಳು, ಆದರೆ ಕೈ ಬಿಡಲಿಲ್ಲ.

"ಚಿಗವ್ವ, ನೀ ಮೊಗ್ಗಿ ಎತ್ತಿ ಕೊಡು. ಜಡಿ ಆಯಿ ಹಾಕ್ತಾಳ."

ಸಿಟ್ಟಿನಿಂದ ಹೇಳಿದ್ದಲ್ಲ. ನಾನು ಎದ್ದು ಜಾಗ ಬಿಟ್ಟೆ. ಅವಳ ಆಯಿ, ಆ ಬಣ್ಣದ ಮುದುಕಿ, ಬಂದು ಕುಳಿತು ಬಾಚಣಿಕೆ ತೆಗೆದುಕೊಂಡಾಗ ಆ ಕೈ ಕೆಳಗಿಳಿಯಿತು.