ಸಿಡಿಯದ ತೋಟಾ

ಸ್ವೀಡನ್ನಿನ ಹೆಲ್ಸಿಂಗ್‌ಬೋರ್ಯ್‌ನ ನಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಪ್ರತಿ ಮನೆಗೂ ಒಂದೊಂದು ಜಾಲರಿಯ ಗೂಡು. ಕಳೆದ ಭಾನುವಾರ ನಮ್ಮದನ್ನು ಖಾಲಿ ಮಾಡುತ್ತಿದ್ದಾಗ, ಉತ್ತರ ತುದಿಯ ಲುಲೆಯೊದಲ್ಲಿ ಓದುವಾಗ ಕೊಂಡಿದ್ದ ದಪ್ಪ ಕೋಟು ಕೈಗೆ ಬಂತು. ಈ ದಕ್ಷಿಣದ ಊರಿಗೆ ಮಳೆಕೋಟೇ ಸಾಕು. ಸೆಕೆಂಡ್ ಹ್ಯಾಂಡ್ ಅಂಗಡಿಗೆ ಕೊಟ್ಟರಾಯಿತು ಎಂದು ಕೊಡವಿದೆ. ಬಂದೂಕಿಗೆ ಹಚ್ಚುವ ಎಣ್ಣೆಯ ವಾಸನೆ ಸಣ್ಣಗೆ ಮೂಗಿಗೆ ಬಡಿಯಿತು. ಅಷ್ಟರಲ್ಲಿ ನಾಲ್ಕು ವರ್ಷದ ಮಗಳು ಅದರ ಜೇಬಿಗೆ ಕೈ ಹಾಕಿ ಕೆಂಪು ಪ್ಲಾಸ್ಟಿಕ್ಕಿನ ಒಂದು ವಸ್ತುವನ್ನು ಹೊರತೆಗೆದಳು. ಬೆರಳಿನಷ್ಟು ಉದ್ದ, ಹಿತ್ತಾಳೆಯ ಬುಡ.

"ಪಪ್ಪಾ, ವಾ ಎರ್ ದೆ ಹೆರ್?" ಏನಿದು ಎಂದು ಅವಳ ಸ್ವೀಡಿಷ್‌ನಲ್ಲಿ ಕೇಳಿದಳು.

ಅದು ಡಮ್ಮಿ ತೋಟಾ. ಮದ್ದಿಲ್ಲ, ಗುಂಡಿಲ್ಲ, ಸಿಡಿಯುವುದೂ ಇಲ್ಲ. ಏಳು ವರ್ಷ ನನ್ನ ಜೇಬಿನಲ್ಲೇ ಇತ್ತು...

ಆಗ ಲುಲೆಯೊದಲ್ಲಿ ಯಾವುದೋ ದೊಡ್ಡ ಕಂಪನಿಯ ಡೇಟಾ ಸೆಂಟರ್ ಏಳುತ್ತಿತ್ತು. ಊರಲ್ಲಿ ಬಾಡಿಗೆ ಮನೆಗಳು ಚಿನ್ನವಾಗಿದ್ದವು. ನನಗೆ ಸಿಕ್ಕಿದ್ದು ಬಸ್ಸಿನಲ್ಲಿ ನಲವತ್ತು ನಿಮಿಷ ದೂರದ ಹಳ್ಳಿಯಲ್ಲಿ ಒಂದು ಮನೆಯ ಕೆಳಗಿನ ಕೋಣೆ. ಮನೆ ಓನರ್ ಎಪ್ಪತ್ತರ ಹತ್ತಿರದ ಒಂಟಿ ಮನುಷ್ಯ. ಮದುವೆಯಾಗಿರಲಿಲ್ಲ. ನಾಯಿ ಸತ್ತು ಒಂದು ವರ್ಷವಾಗಿತ್ತು. ಅದರ ಬಟ್ಟಲು ಇನ್ನೂ ಅಡುಗೆಮನೆಯ ಮೂಲೆಯಲ್ಲೇ ಇತ್ತು. ಇಲ್ಲಿ ಚಿಕ್ಕವರು ದೊಡ್ಡವರೆನ್ನದೆ ಎಲ್ಲರೂ ಹೆಸರು ಹಿಡಿದೇ ಕರೆಯುತ್ತಾರೆ. ದಾವಣಗೆರೆಯಲ್ಲಿ ಬೆಳೆದ ನನ್ನ ನಾಲಿಗೆಗೆ ಅದು ಒಗ್ಗಲಿಲ್ಲ. ಅಜ್ಜ ಎಂದೆ. ಅರ್ಥ ಕೇಳಿ ತಿಳಿದುಕೊಂಡು ಸುಮ್ಮನಾದರು. ಬೇಡ ಎನ್ನಲಿಲ್ಲ.

ಉತ್ತರದವರು 'ಹೌದು' ಅನ್ನುವುದೇ ಬೇರೆ ತರಹ. ಬಾಯಿ ತೆರೆಯುವುದಿಲ್ಲ, ತುಟಿ ಚೂಪು ಮಾಡಿ ಸುಂಯ್ ಎಂದು ಉಸಿರು ಒಳಕ್ಕೆಳೆದುಕೊಳ್ಳುತ್ತಾರೆ. ಮೊದಲ ವಾರ ಅಜ್ಜನಿಗೆ ಉಬ್ಬಸವಿರಬೇಕು ಎಂದುಕೊಂಡು ಕಂಗಾಲಾಗಿದ್ದೆ. ಆ ಮನೆಯಲ್ಲಿ ಒಮ್ಮೊಮ್ಮೆ ಇಡೀ ದಿನಕ್ಕೆ ಅಷ್ಟೇ ಮಾತು. ನನಗೂ ಹೇಳಿಕೊಳ್ಳುವಂಥ ಗೆಳೆಯರಿರಲಿಲ್ಲ. ಇಬ್ಬರೂ ಒಂದೇ ಮೇಜಿನ ಎರಡು ತುದಿಗೆ ಕೂತು ಫ್ರಿಜ್ಜಿನ ಸದ್ದು ಕೇಳುತ್ತಿದ್ದೆವು.

ಅಜ್ಜ ಬಾಯಿ ಬಿಡುತ್ತಿದ್ದದ್ದು ಒಂದೇ ವಿಷಯಕ್ಕೆ. ಅವರ ಹೊಸ ಬಂದೂಕು, ಅದರ ಮದ್ದು ಹೆಚ್ಚಿರುವ ಏಳು ಮಿಲಿಮೀಟರ್ ಮ್ಯಾಗ್ನಮ್ ತೋಟಾ. ಹಳ್ಳಿಯ ಬೇಟೆ ತಂಡದಲ್ಲಿ ಅವರು ನಲವತ್ತು ವರ್ಷದಿಂದ ಇದ್ದರು. ಸೆಪ್ಟೆಂಬರ್ ಬಂತೆಂದರೆ ತಂಡದ ಹತ್ತು ಹನ್ನೆರಡು ಮಂದಿ ಕಾಡಿನಲ್ಲಿ ತಂತಮ್ಮ ಜಾಗ ಹಿಡಿದು ಕೂತು ಮೂಸ್ ಹೊಡೆಯುತ್ತಾರೆ. ಮೂಸ್ ಎಂದರೆ ನಮ್ಮ ಕಡವೆಯ ಜಾತಿಯದೇ, ಆದರೆ ಕುದುರೆಗಿಂತ ಎತ್ತರ. ಅಜ್ಜನಿಗೆ ವರ್ಷದಲ್ಲಿ ಮನುಷ್ಯರ ಸಹವಾಸ ಎಂದು ಇದ್ದದ್ದು ಆ ತಂಡವೊಂದೇ. ಅದನ್ನವರು ಬಾಯಿಬಿಟ್ಟು ಹೇಳಿರಲಿಲ್ಲ. ಆದರೆ ಗೋಡೆಯ ಕ್ಯಾಲೆಂಡರಿನಲ್ಲಿ ಬೇರೆ ಯಾವ ದಿನಕ್ಕೂ ಗುರುತಿರಲಿಲ್ಲ.

ನಾನು ಹುಟ್ಟು ಸಸ್ಯಾಹಾರಿ. ಅಮ್ಮ ಫೋನಿನಲ್ಲಿ, "ಬೇಟೆ ಆಡೋರ ಮನೇನಾ? ಪಾತ್ರೆ ಬೇರೆ ಇಟ್ಕೊಂಡಿದೀಯ ತಾನೆ?" ಎಂದು ಪ್ರತಿ ವಾರ ವಿಚಾರಿಸುತ್ತಿದ್ದರು. ಪಾತ್ರೆ ಬೇರೆಯೇ ಇತ್ತು. ಆದರೂ ಒಂದು ತಿಂಗಳಲ್ಲಿ ತೋಟಾಗಳ ವಿಚಾರದಲ್ಲಿ ನಾನು ಪಂಡಿತನಾಗಿಬಿಟ್ಟೆ. ತಂಡದವರು ಕಾಫಿಗೆ ಬಂದರೆ ಅದೇ ಜಗಳ, ನಮ್ಮ ಕಡೆ ಗಂಡಸರು ಬೈಕಿನ ಮೈಲೇಜಿಗೆ ಜಗಳವಾಡುವ ಹಾಗೆ. ತಂಡದ ಮುಖಂಡೆ ಹಸು ಸಾಕುವ ಗಟ್ಟಿ ಹೆಂಗಸು. ತನ್ನ ಅಪ್ಪನ ಕಾಲದ ಸಾದಾ ಆರೂವರೆ ಮಿಲಿಮೀಟರಿನಲ್ಲೇ ಬೇಟೆಯಾಡುತ್ತಿದ್ದರು.

"ನಮ್ಮ ಕಾಡಲ್ಲಿ ಮೂಸ್ ಕಾಣೋದೇ ಅರವತ್ತು ಮೀಟರ್‌ಗೆ. ಅದಕ್ಕೆ ಈ ಫಿರಂಗಿ ಯಾಕೆ?" ಎಂದು ಆಕೆ ಕಾಲೆಳೆಯುತ್ತಿದ್ದರು.

ಹತ್ತಿರದಿಂದ ಹೊಡೆದರೆ ಅಷ್ಟು ವೇಗದ ಗುಂಡು ಮಾಂಸವನ್ನೆಲ್ಲ ರಕ್ತಗಟ್ಟಿಸಿ ಹಾಳು ಮಾಡುತ್ತದೆ ಎಂದು ಒಬ್ಬ. ಹಾರಿಸಿದಾಗ ಬಂದೂಕಿನ ಒದೆತ ಜಾಸ್ತಿ, ಭುಜ ಹೋಗುತ್ತದೆ ಎಂದು ಇನ್ನೊಬ್ಬ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಾನು ಅಜ್ಜನ ಪರವಾಗಿ ಗಾದೆ ಹೇಳಿ, ಅದನ್ನು ಸ್ವೀಡಿಷ್‌ಗೆ ತರಲು ಹೋಗಿ ಒದ್ದಾಡುತ್ತಿದ್ದೆ. ಅಜ್ಜ ಮಾತ್ರ ಅಲ್ಲಿಯವರ ರೂಢಿಯಂತೆ ಕಾಫಿಗೆ ಚೀಸ್ ತುಂಡು ಹಾಕಿಕೊಂಡು ನಿಧಾನವಾಗಿ ಅದೇ ಉತ್ತರ ಕೊಡುತ್ತಿದ್ದರು.

"ಮರ ಕಡಿದ ಬಯಲಲ್ಲಿ ಇನ್ನೂರೈವತ್ತು ಮೀಟರ್ ಇರತ್ತೆ. ಇದರ ಗುಂಡು ಗೆರೆ ಎಳೆದ ಹಾಗೆ ಹೋಗತ್ತೆ. ದೂರ ಎಷ್ಟು ಅಂತ ಅಂದಾಜು ತಪ್ಪಿದ್ರೂ ಗುಂಡು ತಪ್ಪಲ್ಲ."

ಅದರ ಒಳಗುಟ್ಟು ನನಗೊಬ್ಬನಿಗೇ ಗೊತ್ತಿತ್ತು. ಅಜ್ಜನಿಗೆ ದೂರ ಅಳೆಯುವ ಕಣ್ಣು ಮಸುಕಾಗಿತ್ತು. ಕಣ್ಣಿನ ಕೊರತೆಯನ್ನು ತೋಟಾದ ವೇಗದಿಂದ ತುಂಬಿಸಿಕೊಂಡು ಇನ್ನು ನಾಲ್ಕು ವರ್ಷ ತಂಡದಲ್ಲಿ ಉಳಿಯುವ ಲೆಕ್ಕ ಅವರದು.

ಆಗಸ್ಟ್ ಕೊನೆಯಲ್ಲಿ ಒಂದು ಮಧ್ಯಾಹ್ನ ನನ್ನನ್ನು ಹಳ್ಳಿಯ ಗುರಿ ಹೊಡೆಯುವ ಮೈದಾನಕ್ಕೆ ಕರೆದೊಯ್ದರು. ಅಂಗೈಗೆ ಐದು ನಿಜ ತೋಟಾ, ಒಂದು ಕೆಂಪು ಡಮ್ಮಿ ಹಾಕಿದರು. ಅವರು ಮುಖ ಆಚೆ ತಿರುಗಿಸಿ ನಿಲ್ಲುವುದು. ಅವರು ಹೇಳಿಕೊಟ್ಟ ಹಾಗೆ ನಾನು ಒಂದೊಂದೇ ತುಂಬಿ ಕೊಡುವುದು. ಒಳಗಿರುವುದು ಯಾವುದು ಎಂದು ಹೊಡೆಯುವವನಿಗೆ ತಿಳಿಯಬಾರದು. ನಿಜವಾದದ್ದು ಸಿಡಿದಾಗ ಆ ಆರ್ಭಟದಲ್ಲಿ ಏನೂ ಕಾಣುವುದಿಲ್ಲ. ಡಮ್ಮಿ ಬಂದಾಗ ಬರೀ ಟಕ್. ಒದೆತಕ್ಕೆ ಹೆದರಿದವನು ಆ ಕ್ಷಣದಲ್ಲಿ ತಾನೇ ಬೆಚ್ಚುತ್ತಾನೆ, ನಳಿಗೆ ಕೆಳಗೆ ಬಾಗುತ್ತದೆ. ಅಂಥವನು ಆ ಬಂದೂಕು ಹಿಡಿದು ಕಾಡಿಗೆ ಹೋಗಬಾರದು.

"ತಂಡದವರನ್ನ ಕೇಳಿದ್ರೆ ನನ್ನ ತೋಟಾ ಮೇಲಿನ ಸಿಟ್ಟಿಗೆ ಏನೋ ಹೇಳ್ತಾರೆ. ನಿನಗೆ ಇದ್ಯಾವುದೂ ಬೇಕಾಗಿಲ್ಲ. ನಿನ್ನ ಕಣ್ಣು ನಂಬ್ತೀನಿ" ಎಂದರು ಅಜ್ಜ.

ಎರಡು ನಿಜ ತೋಟಾ ಆದಮೇಲೆ ಡಮ್ಮಿ ತುಂಬಿದೆ. ಟಕ್ ಎಂದಿತು. ಅಜ್ಜನ ಕಣ್ಣು ಬಿಗಿಯಾಗಿ ಮುಚ್ಚಿತ್ತು, ಭುಜ ಮುಂದಕ್ಕೆ ಮುದುಡಿತ್ತು, ನಳಿಗೆಯ ತುದಿ ಒಂದು ಗೇಣು ಕೆಳಗೆ ಹೋಗಿತ್ತು. ಮೆಲ್ಲಗೆ ಕಣ್ಣು ತೆರೆದು ನನ್ನನ್ನು ನೋಡಿದರು.

"ಅಲುಗಾಡ್ತಾ?"

ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡ ಹಾಗಾಯಿತು, ನುಂಗಲೂ ಆಗದು, ಉಗುಳಲೂ ಆಗದು. ಮನೆಯ ಹಿರಿಯರು ಹಾಡು ತಪ್ಪಿದರೂ ಚೆನ್ನಾಗಿತ್ತು ಎನ್ನುವ ಮನೆಯಲ್ಲಿ ಬೆಳೆದವನು ನಾನು. ನಿಮಗೆ ವಯಸ್ಸಾಯಿತು ಎಂದು ಮುಖಕ್ಕೆ ಹೇಳುವುದು ಹೇಗೆ?

"ಇಲ್ಲ ಅಜ್ಜ. ಕಲ್ಲಿನ ಹಾಗೆ ನಿಂತಿತ್ತು" ಎಂದೆ. ಇನ್ನೊಮ್ಮೆ ತುಂಬಿ ನೋಡು ಎಂದುಬಿಟ್ಟಾರು ಎಂಬ ಹೆದರಿಕೆಗೆ ಡಮ್ಮಿಯನ್ನು ಕೋಟಿನ ಜೇಬಿಗೆ ಹಾಕಿಕೊಂಡೆ. ಅಜ್ಜ ಸುಂಯ್ ಎಂದು ಉಸಿರೆಳೆದುಕೊಂಡರು. ಅದು ಒಪ್ಪಿಗೆ ಎಂದೇ ತಿಳಿದೆ.

ಬೇಟೆಯ ಮೊದಲ ದಿನ ಅವರ ಪಕ್ಕದಲ್ಲಿ ಕೂರುವ ಅತಿಥಿ ನಾನೇ. ಮರ ಕಡಿದ ಬಯಲಿನ ಅಂಚಿನಲ್ಲಿ ಅವರ ಜಾಗ. ಹತ್ತು ಗಂಟೆಗೆ ಆಚೆ ತುದಿಯಲ್ಲಿ ಒಂದು ಎಳೆಯ ಗಂಡು ಮೂಸ್ ಬಂದು ನಿಂತಿತು. ಎರಡು ಫುಟ್‌ಬಾಲ್ ಮೈದಾನದಷ್ಟು ದೂರ, ಅಡ್ಡಕ್ಕೆ ನಿಂತಿದೆ, ಗಾಳಿಯಿಲ್ಲ. ಅಜ್ಜ ಇಷ್ಟು ದಿನ ವಾದಿಸಿದ್ದು ಇಂಥದೇ ಗುರಿಗೆ. ಗುಂಡು ಹಾರಿತು. ಮೂಸ್ ಹಿಂಗಾಲು ಎಳೆದುಕೊಂಡು ಮರಗಳ ನಡುವೆ ಮರೆಯಾಯಿತು.

ತಂಡದವರು ನಾಯಿ ಬಿಟ್ಟು ಹುಡುಕಿದರು. ಮರುದಿನ ಮಧ್ಯಾಹ್ನ ಜೌಗಿನಲ್ಲಿ ಸಿಕ್ಕಾಗ ಅದಕ್ಕೆ ಇನ್ನೂ ಜೀವವಿತ್ತು. ಅಜ್ಜನೇ ಹೋಗಿ ಮುಗಿಸಿ ಬಂದರು. ಪ್ಯಾಂಟು ಮಂಡಿಯವರೆಗೂ ಒದ್ದೆಯಾಗಿತ್ತು.

ತಂಡದ ಗುಡಿಸಿಲಲ್ಲಿ ಯಾರೂ ಕೂಗಾಡಲಿಲ್ಲ. ಕೂಗಾಡಿದ್ದರೇ ಚೆನ್ನಾಗಿತ್ತು. ಎಲ್ಲರೂ ಕಾಫಿ ಲೋಟ ನೋಡುತ್ತಿದ್ದರು. ಮುಖಂಡೆ ನನ್ನ ಕಡೆ ತಿರುಗಿದರು.

"ಪ್ರಾಕ್ಟೀಸ್‌ಗೆ ಜೊತೇಲಿ ನೀನು ಹೋಗಿದ್ಯಲ್ಲ. ಬೆಚ್ತಾ ಇದ್ನಾ?"

ಅಜ್ಜ ತಲೆ ಎತ್ತಲಿಲ್ಲ.

"ಹುಡುಗ ಹೇಳಿದ್ದ. ನಾನೇ ಕೇಳಲಿಲ್ಲ" ಎಂದರು.

ಆಮೇಲೆ ಗೊತ್ತಾಯಿತು... ಗೊತ್ತಿಲ್ಲದೆ ಆದ ತಪ್ಪಿಗೆ ಆ ತಂಡದಲ್ಲಿ ಕ್ಷಮೆಯಿತ್ತು. ಯಾರಿಗಾದರೂ ಒಂದಲ್ಲ ಒಂದು ದಿನ ಆಗುವಂಥದ್ದೇ ಅದು. ಆದರೆ ಯಾರೋ ಎಚ್ಚರಿಸಿದ ಮೇಲೂ ಹೊಡೆದವನನ್ನು ಅವರು ಮತ್ತೆ ಬೇಟೆಗೆ ಕರೆಯುತ್ತಿರಲಿಲ್ಲ. ನಾನು ಎದ್ದು ನಿಂತು, ಇಲ್ಲ, ನಾನು ಹೇಳಿರಲಿಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಬಾಯಿ ಬರಲಿಲ್ಲ. ಆವತ್ತೂ ಬರಲಿಲ್ಲ, ಆ ಚಳಿಗಾಲ ಪೂರ್ತಿ ಬರಲಿಲ್ಲ. ನನಗೆ ನಾಚಿಕೆಯಾಗುತ್ತದೆ.

ಮುಂದಿನ ಸೆಪ್ಟೆಂಬರಿನಲ್ಲಿ ಕ್ಯಾಲೆಂಡರಿಗೆ ಗುರುತು ಬೀಳಲಿಲ್ಲ. ಬೇಟೆಯ ಮೊದಲ ದಿನ ಅಜ್ಜ ಬೆಳಿಗ್ಗೆಯೇ ಅಡುಗೆಮನೆಯ ಕಿಟಕಿ ತೆರೆದು ಕೂತಿದ್ದರು. ಕಾಡಿನ ಕಡೆಯಿಂದ ಒಂದು ಸದ್ದು ಬಂತು.

"ಆರೂವರೆ. ಅವಳದ್ದು" ಎಂದರು.

ಆವತ್ತು ತಡೆಯಲಾಗದೆ ಕೇಳಿದೆ. "ಅಜ್ಜ, ನಾನು ಸುಳ್ಳು ಹೇಳಿದ್ದು ಆವತ್ತೇ ಗೊತ್ತಾಗಿತ್ತಾ?"

ಸುಂಯ್ ಎಂದು ಉಸಿರು ಒಳಕ್ಕೆಳೆದುಕೊಂಡರು. "ನನಗೂ ಆ ಸುಳ್ಳೇ ಕೇಳಿಸ್ಕೋಬೇಕಿತ್ತು ಬಿಡು" ಎಂದರು. ಇನ್ನಷ್ಟು ಕಾಫಿ ಬಗ್ಗಿಸಿದರು. ಕಿಟಕಿ ಮುಚ್ಚಲಿಲ್ಲ, ಚಳಿಗೆ ಇಬ್ಬರೂ ಕೋಟು ಹಾಕಿಕೊಂಡೇ ಕೂತಿದ್ದೆವು.

ಓದು ಮುಗಿದು ಇಲ್ಲಿ ಕೆಲಸ ಸಿಕ್ಕಿತು. ಮದುವೆ, ಮಗು, ಅವಳನ್ನು ಡಾಗಿಸ್ ಎನ್ನುವ ಇಲ್ಲಿನ ಶಿಶುವಿಹಾರಕ್ಕೆ ಬಿಡುವುದು, ಕರೆತರುವುದು... ಕ್ರಿಸ್‌ಮಸ್‌ಗೆ ಕಾರ್ಡ್ ಕಳಿಸುತ್ತಿದ್ದೆ. ಹೋದ ವರ್ಷ ಅಲ್ಲಿಂದ ಬಂದ ಕಾರ್ಡಿನಲ್ಲಿ ಮುಖಂಡೆಯ ಅಕ್ಷರವಿತ್ತು. ಅಜ್ಜ ಅಕ್ಟೋಬರಿನಲ್ಲಿ ತೀರಿಕೊಂಡಿದ್ದರು. ಆಕೆಗೆ ಫೋನ್ ಮಾಡಿದೆ. ಅಷ್ಟು ವರ್ಷ ಗಂಟಲಲ್ಲಿ ಇದ್ದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ.

"ಅವನ ಜಾಗದಲ್ಲಿ ಇವತ್ತಿಗೂ ಯಾರನ್ನೂ ಕೂರಿಸಿಲ್ಲ. ಈ ಒಂದು ಮಾತು ಬಂದಿದ್ರೆ ಅವತ್ತೇ ಹೋಗಿ ಕರ್ಕೊಂಡು ಬರ್ತಿದ್ದೆ. ಈಗ ಯಾರಿಗೆ ಹೇಳ್ತಿದೀಯ?" ಎಂದರು ಮುಖಂಡೆ.

ನೆಲಮಾಳಿಗೆಯ ದೀಪ ತನ್ನಷ್ಟಕ್ಕೆ ಆರಿತು. ಕೈ ಬೀಸಿ ಮತ್ತೆ ಹೊತ್ತಿಸಿದೆ. ಮಗಳು ಇನ್ನೂ ತೋಟಾ ಹಿಡಿದೇ ನಿಂತಿದ್ದಳು.

"ಅದು ಒಬ್ಬ ಅಜ್ಜಂದು ಪುಟ್ಟಿ" ಎಂದೆ.

ಬೇರೆಯವರ ಸಾಮಾನು ಇಟ್ಟುಕೊಳ್ಳಬಾರದು ಎಂದು ಡಾಗಿಸ್‌ನಲ್ಲಿ ಕಲಿಸಿದ್ದಾರೆ. ಹಾಗಾದರೆ ವಾಪಸ್ ಕೊಟ್ಟುಬಿಡು ಎಂದು ಸ್ವೀಡಿಷ್‌ನಲ್ಲೇ ಹೇಳಿ, ಅದನ್ನು ನನ್ನ ಅಂಗೈಯಲ್ಲಿಟ್ಟಳು.