ಶಿವಮ್ಮನ ಎರಡನೇ ಉತ್ತರ

ಫಲಿತಾಂಶದ ದಿನ ಟೀವಿಯಲ್ಲಿ ಸಮೀಕ್ಷೆಯವರೆಲ್ಲ ಟೈ ಸಡಿಲಿಸಿಕೊಂಡು, "ಜನರ ನಾಡಿ ಹಿಡಿಯುವಲ್ಲಿ ಸ್ವಲ್ಪ ಎಡವಿದೆವು" ಅನ್ನುತ್ತಿದ್ದರು. ಎಡವಿದವರಲ್ಲಿ ಒಬ್ಬ ನಂಜನಗೂಡಿನ ಮನೆಯಲ್ಲಿ ಕೂತು ಅದನ್ನೇ ನೋಡುತ್ತಿದ್ದ. ನಾನು!

ನನಗೊಂದು ಕಾಯಿಲೆ ಇದೆ. ಯಾರ ದನಿ ಕಿವಿಗೆ ಬಿದ್ದರೂ ಸಂಜೆಯೊಳಗೆ ನನ್ನ ಬಾಯಿಂದ ಹೊರಬರುತ್ತದೆ. (ನನ್ನದೇ ದನಿ ಯಾವುದು ಅಂತ ಮಾತ್ರ ಇನ್ನೂ ಗೊತ್ತಾಗಿಲ್ಲ.)

ಚುನಾವಣೆಗೆ ಮೂರು ವಾರ ಇರುವಾಗ ಒಂದು ಸಮೀಕ್ಷೆ ಕಂಪನಿ ನನ್ನನ್ನು ಟಿ. ನರಸೀಪುರ ತಾಲ್ಲೂಕಿಗೆ ಕಳಿಸಿತು. ಕೈಯಲ್ಲಿ ಟ್ಯಾಬ್, ಕತ್ತಿನಲ್ಲಿ ಐಡಿ ಕಾರ್ಡ್, ಮುಖದಲ್ಲಿ ಇಡೀ ಪ್ರಜಾಪ್ರಭುತ್ವ ಹೊತ್ತವನ ಗತ್ತು.

ಹೆಮ್ಮಿಗೆ ಕಡೆಯ ಒಂದು ಹಳ್ಳಿಯಲ್ಲಿ ಶಿವಮ್ಮ ಸಿಕ್ಕರು. ಅರವತ್ತು ದಾಟಿದವರು, ಜಗುಲಿಯಲ್ಲಿ ಹುಣಸೆಬೀಜ ಬಿಡಿಸುತ್ತಿದ್ದರು. ಪಕ್ಕದಲ್ಲೇ ಮಗ ಮಾದೇವ, ಒಂದು ಪಕ್ಷದ ಬೂತ್ ಏಜೆಂಟ್. ಯಾರಿಗೆ ಓಟು ಅಂತ ನಾನು ಕೇಳಿದ್ದು ತಾಯಿಯನ್ನು. ಉತ್ತರ ಕೊಟ್ಟಿದ್ದು ಮಗ.

"ನಮ್ಮನೇಲಿ ಎಲ್ಲಾ ಒಂದೇ ಸಾ, ನಮ್ ಪಾರ್ಟಿ. ಬರ್ಕಳಿ."

"ಊ ಕನಪ್ಪ, ಅವ್ನು ಏಳ್ದಂಗೇಯ" ಅಂದರು ಶಿವಮ್ಮ.

ಸಬ್ಮಿಟ್ ಒತ್ತಿದೆ. ಬೈಕ್ ಹತ್ತುವಷ್ಟರಲ್ಲಿ ಆಕೆ ಹಿತ್ತಲಿಂದ ಸುತ್ತಿಕೊಂಡು ಬಂದರು.

"ಮಗ, ಅವ್ನ್ ಮುಂದೆ ಅಂಗಂದೆ ಕನಪ್ಪ. ನಾ ಒತ್ತದು ಆವಮ್ಮನ್ಗೆ." (ಆವಮ್ಮ ಅಂದರೆ ಎದುರು ಪಕ್ಷದ ಅಭ್ಯರ್ಥಿ.) "ಇಷ್ಟ್ ವರ್ಸ ಓಟ್ ಕೇಳಕ್ ಬಂದೋರೆಲ್ಲ ನಮ್ ಬೀದೀಲಿ ನಿಂತೇ ಕೈ ಮುಗ್ದು ಓದ್ರು. ಆವಮ್ಮ ಜಗ್ಲಿ ಮ್ಯಾಲೆ ಕೂತ್ಕಂಡು ನೀರು ಈಸ್ಕಂಡು ಕುಡುದ್ಲು. ತಿದ್ಬುಡು. ಯಾರ್ಗೂ ಏಳ್ಬ್ಯಾಡ."

"ಆಯ್ತವ್ವ" ಅಂದೆ.

ಆ ಆ್ಯಪ್‌ನಲ್ಲಿ ತಿದ್ದಲು ದಾರಿಯೇ ಇರಲಿಲ್ಲ. ಆದರೆ ಯಾರಿಗೂ ಹೇಳದಿರಲು ದಾರಿಯಿತ್ತಲ್ಲ?

ಮಧ್ಯಾಹ್ನ ನರಸೀಪುರದ ಬಸ್ ಸ್ಟ್ಯಾಂಡ್ ಎದುರು ಟೀ. "ಏನ್ಲಾ, ಇವತ್ತು ಯಾರ್ ದನಿ ತಂದಿದ್ದೀಯೆ?" ಅಂದರು ಸಮೀಕ್ಷೆಯ ಜೊತೆಗಾರರು. ಅಷ್ಟು ಸಾಕಾಗಿತ್ತು. ಕರ್ಚೀಫನ್ನೇ ಸೆರಗು ಮಾಡಿಕೊಂಡು ಶುರು ಮಾಡಿದೆ. ಆವಮ್ಮ, ಜಗುಲಿ, ನೀರು, ಎಲ್ಲ. "ಯಾರ್ಗೂ ಏಳ್ಬ್ಯಾಡ" ಅನ್ನುವುದನ್ನೂ ಬಿಡಲಿಲ್ಲ. ಅದಕ್ಕೇ ಜಾಸ್ತಿ ನಗು ಬಿತ್ತು.

ಹೆಸರು ಹೇಳಲಿಲ್ಲ, ನಿಜ. ಹೇಳಬೇಕಾಗಿರಲಿಲ್ಲ. ದನಿ ಅಷ್ಟು ಚೆನ್ನಾಗಿ ಬಂದಿತ್ತು.

"ಲೇ ಮಾದೇವ, ಇದು ನಿಮ್ಮವ್ವ ಅಲ್ವೇನ್ಲಾ!" ಹಿಂದಿನ ಬೆಂಚಿನಿಂದ ಯಾರೋ ಕೂಗಿದರು. "ಬೂತ್ ಕಾಯೋನು ಮೊದ್ಲು ಮನೆ ಓಟ್ನ ಕಾಯ್ಕಳಪ್ಪ!"

ಮಾದೇವ ಅಲ್ಲೇ ಇದ್ದ. ಅರ್ಧ ಕುಡಿದ ಗ್ಲಾಸು ಇಟ್ಟು ಎದ್ದು ಹೋದ.

ಎರಡು ದಿನ ಬಿಟ್ಟು ಕ್ಷಮೆ ಕೇಳಲು ಹೋದೆ. ಶಿವಮ್ಮ ಬೈದಿದ್ದರೆ ಅದನ್ನೂ ಮಿಮಿಕ್ರಿ ಮಾಡಿ ಹಗುರಾಗುತ್ತಿದ್ದೆನೋ ಏನೋ. ಬೈಯಲಿಲ್ಲ.

"ಅವತ್ತಿಂದ ನನ್ ಕೈಲಿ ಮುದ್ದೆ ಈಸ್ಕಂಡು ಉಂಡಿಲ್ಲ ಕನಪ್ಪ ಅವ್ನು. ನೀನೇನೋ ನಂಜನಗೂಡ್ಗೆ ಒಂಟೋಯ್ತಿಯೆ. ನಾ ಇಲ್ಲೇ ಇರ್ಬೇಕಲ್ಲ."

ಮತದಾನದ ಸಂಜೆ ಮತ್ತೆ ಹೋದೆ. ಅದೇ ಜಗುಲಿಯಲ್ಲಿದ್ದರು. ಕಣ್ಣು ಮೊದಲು ಹೋಗಿದ್ದು ಆಕೆಯ ಎಡಗೈಗೆ. ಬೆರಳಲ್ಲಿ ಶಾಯಿ ಇರಲಿಲ್ಲ.

"ಓಗ್ನಿಲ್ವಾ ಅವ್ವ?"

"ಬೆಳ್ಳಲ್ಲಿ ಮಸಿ ಕಂಡ್ರೆ ಯಾರ್ಗೆ ಒತ್ದೆ ಅಂತ ಕೇಳ್ತನೆ. ಮಸೀನೇ ಇಲ್ದಿದ್ರೆ ಕೇಳಂಗಿಲ್ವಲ್ಲ."

ಸಮೀಕ್ಷೆ ನಂಬಬಹುದಾ ಅಂತ ಈಗ ಸಿಕ್ಕವರೆಲ್ಲ ಕೇಳುತ್ತಾರೆ. ತಜ್ಞರು ಸ್ಯಾಂಪಲ್ ಅನ್ನುತ್ತಾರೆ, ಮಾರ್ಜಿನ್ ಅನ್ನುತ್ತಾರೆ. ಇರಬಹುದು. ನನಗೆ ಗೊತ್ತಿರುವುದು ಒಂದೇ ಮನೆಯ ಕತೆ. ಟ್ಯಾಬ್‌ಗೆ ಹೋಗಿದ್ದು ಆಕೆ ಭಯಕ್ಕೆ ಹೇಳಿದ್ದು. ನಂಬಿ ಹೇಳಿದ್ದನ್ನು ನಾನು ಟೀ ಅಂಗಡಿಯಲ್ಲಿ ಹಂಚಿದೆ. ಮತಯಂತ್ರಕ್ಕೆ ಎರಡೂ ಹೋಗಲಿಲ್ಲ.

ಮುಂದಿನ ಸಲ ಟ್ಯಾಬ್ ಹಿಡಿದವನೊಬ್ಬ ಬಾಗಿಲಿಗೆ ಬಂದರೆ, ಶಿವಮ್ಮ ನಿಜವನ್ನು ಯಾಕೆ ಹೇಳಬೇಕು, ಹೇಳಿ?