ಅಪ್ಪನ ಬಂದೂಕಿನ ಎಣ್ಣೆ

ಹೊಲಿಗೆ ಮಿಷನ್ನಿಗೆ ಹಾಕುವ ತೆಳು ಎಣ್ಣೆಯ ವಾಸನೆ ಎಲ್ಲೇ ಮೂಗಿಗೆ ಬಡಿದರೂ ನನಗೆ ನಿಂತಲ್ಲಿ ನಿಲ್ಲಲಾಗುವುದಿಲ್ಲ. ಮೊನ್ನೆ ದರ್ಜಿಯ ಅಂಗಡಿಯಲ್ಲಿ ರವಿಕೆಯ ಅಳತೆ ಕೊಡುತ್ತಿದ್ದವಳು ಆ ವಾಸನೆಗೆ ಎರಡು ಸಲ ಬಾಗಿಲ ಕಡೆ ತಿರುಗಿ ನೋಡಿದೆ. 'ಯಾರಾದ್ರೂ ಬರ್ಬೇಕಾಮ್ಮ?' ಎಂದ ದರ್ಜಿ. ಯಾರೂ ಬರಬೇಕಿರಲಿಲ್ಲ. ಅಪ್ಪ ಎದ್ದು ಬಂದರೇನು ಗತಿ ಎಂಬ ಹತ್ತು ವರ್ಷದ ಹುಡುಗಿಯ ದಿಗಿಲು ಅದು. ಅಪ್ಪ ಹೋಗಿ ಎಷ್ಟೋ ಕಾಲವಾದರೂ ನನ್ನನ್ನು ಬಿಟ್ಟಿಲ್ಲ.

ನಮ್ಮೂರು ಹೂಗ್ಯಂ. ಮನೆಯ ಹಿಂದೆ ಹೊಲ, ಹೊಲದ ಹಿಂದೆ ಕಾಡು. ರಾಗಿ ತೆನೆ ಕಟ್ಟಿತೆಂದರೆ ಹಂದಿಗಳ ಹಾವಳಿ. ಅಪ್ಪ ಇರುಳೆಲ್ಲ ಅಟ್ಟಣೆಯ ಮೇಲೆ ಕಾವಲಿದ್ದು, ಹಗಲು ಬಂದು ಉಂಡು ಮಲಗುತ್ತಿದ್ದ. ಅವನ ಬಂದೂಕಿನಂಥದ್ದು ಊರಲ್ಲಿ ಇನ್ನೊಂದಿರಲಿಲ್ಲ. ಸಾವಿರದ ಒಂಬೈನೂರ ಅರವತ್ತರ ಸುಮಾರಿಗೆ ಬೆಟ್ಟದ ಕಾಫಿ ತೋಟದ ದೊರೆ ದೇಶ ಬಿಟ್ಟು ಹೋಗುವಾಗ, ತನ್ನಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದ ಅಪ್ಪನಿಗೆ ಮಾರಿದ ರೈಫಲ್ ಅದು. ಅದರ ಹೊಟ್ಟೆಯ ಕೆಳಗೆ ಬಳೆಯಂಥ ಒಂದು ಸನ್ನೆ, ಕಬ್ಬಿಣದ ಹಿಡಿ; ಅದನ್ನು ಕೆಳಗೆ ನೂಕಿ ಮೇಲಕ್ಕೆಳೆದರೆ ಸುಟ್ಟ ತೋಟಾ ಹೊರಗೆ ಹಾರಿ ಹೊಸದು ಒಳಗೆ ಕೂರುತ್ತಿತ್ತು. ಅಪ್ಪ ಬಂದೂಕಿನಲ್ಲಿ ಹಾರಿಸಿದ್ದಕ್ಕಿಂತ ಬಾಯಲ್ಲಿ ಹಾರಿಸಿದ್ದೇ ಹೆಚ್ಚು. ಹುಲಿ ಅವನನ್ನು ಕಂಡು ದಾರಿ ಬಿಟ್ಟಿತ್ತು, ಆನೆ ಸೊಂಡಿಲೆತ್ತಿತ್ತು, ದೊರೆ ಹೊರಡುವಾಗ ಅವನ ಕೈ ಹಿಡಿದು ಅತ್ತಿದ್ದ. ಅವ್ವ ಮೂತಿ ತಿರುವುತ್ತಿದ್ದಳು, ನಾನು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದೆ. ನಿಮ್ಮ ಮನೆಯಲ್ಲೂ ಅಂಥವರೊಬ್ಬರು ಇದ್ದಿರಬೇಕು. ಇದ್ದಿದ್ದರೆ ಆ ಸುಳ್ಳುಗಳಿಲ್ಲದ ಮನೆ ಎಷ್ಟು ಖಾಲಿ ಎಂಬುದು ನಿಮಗೂ ಗೊತ್ತು.

ಪ್ರತಿ ಸೋಮವಾರ ಬೆಳಗ್ಗೆ ಕಾವಲಿನಿಂದ ಬಂದು ಮಲಗುವ ಮುಂಚೆ, ತೋಟಾಗಳನ್ನೆಲ್ಲ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಅಪ್ಪ ಬಂದೂಕಿಗೆ ಕೊಬ್ಬರಿ ಎಣ್ಣೆ ಹಾಕುತ್ತಿದ್ದ. ಹಾಕುವುದೇನು, ಕೂಸಿಗೆ ಎಣ್ಣೆ ನೀರು ಹಾಕುವವರ ಹಾಗೆ ಸುರಿಯುತ್ತಿದ್ದ. ಹರಳೆಣ್ಣೆ ಅಂಟು, ಎಳ್ಳೆಣ್ಣೆ ದೇವರಿಗೆ, ಗಾಡಿಯ ಎಣ್ಣೆ ಗಲೀಜು ಎಂಬುದು ಅವನ ವಾದ. ಅವ್ವ ಕೊಳ್ಳೇಗಾಲದ ಮಗ್ಗದ ಬೀದಿಯಲ್ಲಿ ಬೆಳೆದವಳು. ರೇಷ್ಮೆಗೆ ಕಲೆಯಾಗದಂತೆ ಮಗ್ಗದ ಕಬ್ಬಿಣಕ್ಕೆ ಎಷ್ಟು ಎಣ್ಣೆ ಮುಟ್ಟಿಸಬೇಕೆಂದು ಅಲ್ಲಿ ಮಕ್ಕಳಿಗೂ ಗೊತ್ತು. 'ಕೊಬ್ರಿ ಎಣ್ಣೆ ಚಳೀಗೆ ಎಪ್ಪುಗಟ್ತದೆ ಕಣ್ರೀ. ಸೀಸೇಲಿ ನೋಡಿಲ್ವಾ?' ಎಂದಳು. 'ಮಗ್ಗದ್ ಬೀದಿಯವ್ಳು ನಂಗೆ ಬಂದೂಕ ಯೇಳ್ಕೊಡ್ತಾಳೆ,' ಎಂದು ಅಪ್ಪ ನಕ್ಕ. ಮೊದಲ ಚಳಿಯಲ್ಲೇ ಸನ್ನೆ ಅರ್ಧಕ್ಕೆ ಕಚ್ಚಿಕೊಂಡು, ಹಂದಿಗಳು ಅವನ ಕಣ್ಣೆದುರಿಗೇ ಮೇದು ಹೋದವು. ಅಪ್ಪ ಮಂಜನ್ನು ಬೈದ. ಮುಂದಿನ ಸೋಮವಾರ ಅವನ ಗೊರಕೆ ಶುರುವಾದ ಮೇಲೆ ಅವ್ವ ನನ್ನನ್ನು ಬಾಗಿಲಲ್ಲಿ ನಿಲ್ಲಿಸಿ, 'ಅಪ್ಪ ಎದ್ರೆ ಕೆಮ್ಮವ್ವ' ಎಂದು ಬಂದೂಕು ಇಳಿಸಿಕೊಂಡಳು. ಸೀಮೆಎಣ್ಣೆಯ ಬಟ್ಟೆಯಲ್ಲಿ ಕೊಬ್ಬರಿಯ ಜಿಡ್ಡನ್ನೆಲ್ಲ ಒರೆಸಿ, ನವಿಲುಗರಿಯ ಕಡ್ಡಿಯನ್ನು ಹೊಲಿಗೆ ಮಿಷನ್ನಿನ ಎಣ್ಣೆಯಲ್ಲಿ ಅದ್ದಿ, ಸನ್ನೆಯ ಕೀಲಿಗೆ ಒಂದು ಹನಿ, ಒಳಗೆ ಜಾರುವ ಉಕ್ಕಿನ ತುಂಡಿಗೆ ಎರಡು ಹನಿ ಮುಟ್ಟಿಸಿದಳು. ಆಮೇಲೆ ಅದನ್ನೂ ಒರೆಸಿ, ಬೆರಳಿಗೆ ಅಂಟಿಯೂ ಅಂಟದಷ್ಟು ಉಳಿಸಿದಳು. ಕೊನೆಗೆ ಮರದ ಹಿಡಿಗೆ ಮಾತ್ರ ಕೊಬ್ಬರಿ ಎಣ್ಣೆ ಸವರಿದಳು, ಅಪ್ಪನ ಮೂಗಿಗಾಗಿ. ಪ್ರತಿ ಸೋಮವಾರವೂ ಇದೇ ಆಯಿತು. ನಾನು ಬಾಗಿಲಲ್ಲಿ ಕಾಲು ಬದಲಾಯಿಸುತ್ತ ಬೆವರುತ್ತಿದ್ದೆ.

ಅಲ್ಲಿಂದ ಮುಂದೆ ಸನ್ನೆ ಎಲ್ಲೂ ತಡೆಯಲಿಲ್ಲ, ಅಪ್ಪನ ಬಾಯಿಯೂ ತಡೆಯಲಿಲ್ಲ. ಪಕ್ಕದ ಹೊಲದ ಮಾದಪ್ಪ ಮಾವ ಅವನ ಜೀವದ ಗೆಳೆಯ. ಹಳೆಯದೊಂದು ಒಂಟಿ ನಳಿಕೆಯ ಬಂದೂಕು ಇಟ್ಟುಕೊಂಡಿದ್ದ. ಮಾಗಿಯ ಒಂದು ಸಂಜೆ ಅಪ್ಪ, 'ಎಣ್ಣೆ ಅಂದ್ರೆ ಕೊಬ್ರಿ ಎಣ್ಣೆ ಕಣ್ಲಾ ಮಾದ. ನನ್ ಬಂದೂಕ ನೋಡು! ತಕಂಡೋಗು,' ಎಂದು ಸೀಸೆಯನ್ನೇ ಕೊಟ್ಟುಬಿಟ್ಟ. ಒಲೆಯ ಮುಂದಿದ್ದ ಅವ್ವ ನನ್ನ ಮುಖ ನೋಡಿದಳು. ಗೆಳೆಯನೆದುರು ಗಂಡನ ಮಾನ ತೆಗೆಯುವುದು ಹೇಗೆ? ನಾಳೆ ಬಾವಿಯ ಹತ್ತಿರ ಮಾದಪ್ಪನ ಹೆಂಡತಿಗೆ ಹೇಳಿದರಾಯಿತು ಎಂದುಕೊಂಡಳು. ಮರುದಿನ ಆಕೆ ಬಾವಿಗೆ ಬರಲೇ ಇಲ್ಲ. ಅವ್ವ ಹಿತ್ತಿಲಿಗೂ ಅಂಗಳಕ್ಕೂ ಅಲೆದಳು, ಮುದ್ದೆ ತಳ ಹಿಡಿಯಿತು. 'ಈಗ್ಲೇ ಓಗಿ ಯೇಳವ್ವ,' ಎಂದು ನಾನು ಸೆರಗು ಹಿಡಿದು ತಿರುಗಿದೆ. 'ಓಯ್ತೀನಿ ತಡಿ,' ಎನ್ನುತ್ತಲೇ ಅವಳು ಹೊತ್ತು ಮುಳುಗಿಸಿದಳು.

ಬೆಳಗಾಗುತ್ತಲೇ ಮಾದಪ್ಪ ಮಾವನನ್ನು ಕಂಬಳಿಯಲ್ಲಿ ಹೊತ್ತು ತಂದರು. ಹಂದಿ ಕಾಲಿನ ಮೀನಖಂಡವನ್ನು ಸೀಳಿತ್ತು. ಗಾಡಿ ಕಟ್ಟುವವರೆಗೆ ನಮ್ಮ ಜಗುಲಿಯ ಮೇಲೆ ಮಲಗಿಸಿದರು. 'ಎರಡ್ ಸಲ ಒತ್ತಿದೆ ಕಣಣ್ಣ, ಸಿಡೀನೇ ಇಲ್ಲ,' ಎಂದು ಅವನು ನರಳಿದ. ಅಪ್ಪ ತನ್ನ ಬಂದೂಕು ಹಿಡಿದು ನಿಂತಿದ್ದ. 'ಅದೆಂಗ್ಲಾ? ಅದೇ ಎಣ್ಣೆ, ನಂದು ಓಡ್ತದಲ್ಲ! ನೀನೇ ನೆಟ್ಟಗೆ ಆಕಿಲ್ಲ.' ಅಷ್ಟು ನೋವಿನಲ್ಲೂ ಮಾದಪ್ಪ ಮಾವ ತಪ್ಪು ತನ್ನದೇ ಎನ್ನುವಂತೆ ತಲೆಯಾಡಿಸಿದ. ಅದನ್ನು ನನ್ನಿಂದ ತಡೆಯಲಾಗಲಿಲ್ಲ. 'ನಿನ್ ಬಂದೂಕಲ್ಲಿ ಕೊಬ್ರಿ ಎಣ್ಣೆನೇ ಇಲ್ಲ ಕಣಪ್ಪ! ಅವ್ವ ವರ್ಸಾಕಿ ಮಿಷನ್ ಎಣ್ಣೆ ಆಕ್ತಾಳೆ!' ಎಂದು ಎಲ್ಲರ ಮುಂದೆ ಕೂಗಿಬಿಟ್ಟೆ. ಅಪ್ಪ ಅವ್ವನನ್ನು ನೋಡಲಿಲ್ಲ, ನನ್ನನ್ನು ನೋಡಿದ. ಆಮೇಲೆ ಬಂದೂಕನ್ನು ಗೋಡೆಗೆ ಒರಗಿಸಿ ಗಾಡಿಯ ನೊಗಕ್ಕೆ ಕೈ ಕೊಡಲು ಹೋದ.

ಮಾದಪ್ಪ ಮಾವ ಕೊಳ್ಳೇಗಾಲದ ಆಸ್ಪತ್ರೆಯಿಂದ ಕುಂಟುತ್ತ ಬಂದು, ಮೊದಲಿನಂತೆಯೇ ನಮ್ಮ ಜಗುಲಿಯಲ್ಲಿ ಕೂತು ಎಲೆಅಡಿಕೆ ಹಾಕಿದ, ಅಪ್ಪನನ್ನು ರೇಗಿಸಿದ. ಅಪ್ಪ ನಗಲಿಲ್ಲ. ಬಂದೂಕಿನ ಎಣ್ಣೆ ರಾಜಾರೋಷವಾಗಿ ಅವ್ವನ ಕೆಲಸವಾಯಿತು. ಅಷ್ಟೇ ಆಗಿದ್ದರೆ ಚೆನ್ನಾಗಿತ್ತು. ಅಪ್ಪ ಎಲ್ಲದಕ್ಕೂ ಅವಳನ್ನು ಕೇಳತೊಡಗಿದ: ಯಾವ ಬೀಜ ಬಿತ್ತಲಿ, ಯಾವ ಎತ್ತು ಕೊಳ್ಳಲಿ, ಹನೂರಿಗೆ ಇವತ್ತು ಹೋಗಲೋ ನಾಳೆಯೋ. ಬೈಸಿಕೊಂಡೇ ಬಾಳಿದವಳಿಗೆ ಈ ವಿನಯ ತಡೆಯಲಾಗುತ್ತಿರಲಿಲ್ಲ. 'ನಿಮ್ಗೆ ತಿಳ್ದಂಗೆ ಮಾಡಿ,' ಎಂದು ಒಳಗೆ ಹೋಗಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಹುಲಿಯ ಕಥೆ ಹೇಳಪ್ಪ ಎಂದು ನಾನು ಪೀಡಿಸಿದರೆ, 'ಅದೆಲ್ಲ ಸುಳ್ಳು ಕಣವ್ವ,' ಎಂದುಬಿಡುತ್ತಿದ್ದ.

ವಯಸ್ಸು ಎಪ್ಪತ್ತು ದಾಟಿದ ಮೇಲೆ ಅಪ್ಪ ತೀರಿಕೊಂಡ. ಬಂದೂಕನ್ನು ಠಾಣೆಗೆ ಒಪ್ಪಿಸಿ ಬಸ್ಸಿಗೆ ಕಾಯುತ್ತಿದ್ದಾಗ, ಅವತ್ತು ನಾನು ಹೇಳಿದ್ದು ತಪ್ಪೇ ಎಂದು ಅವ್ವನನ್ನು ಕೇಳಿದೆ. 'ಯೇಳ್ಬೇಕಿತ್ತು ಕಣವ್ವ. ನಾನೇ ಬಾಯ್ ತೆಗ್ದಿದ್ದೆ, ನೀನು ಮುಂದಾದೆ,' ಎಂದಳು. ಬಸ್ಸಿನ ದಾರಿ ನೋಡುತ್ತ, 'ನಾನ್ ಯೇಳಿದ್ರೆ ಬೈದು, ಎರಡ್ ದಿನ ಉಣ್ದೆ ಇದ್ದು, ಸರಿ ಓಯ್ತಿದ್ರು. ಅವ್ರ ಕಥೆಗಳ್ನ ನಾನು ನಂಬಾಕಿಲ್ಲ ಅಂತ ಅವ್ರಿಗೆ ಮೊದ್ಲಿಂದ್ಲೂ ಗೊತ್ತಿತ್ತು. ನೀನೂ ನಂಬಾಕಿಲ್ಲ ಅಂತ ಅವತ್ತು ಅಂದ್ಕೊಂಬಿಟ್ರು,' ಎಂದಳು.

ನಂಬಿದ್ದೆ. ಒಂದೊಂದನ್ನೂ ನಂಬಿದ್ದೆ. ಅದನ್ನು ಅಪ್ಪನಿಗೆ ಹೇಳಬೇಕೆಂಬುದು ಅವನಿದ್ದ ಅಷ್ಟೂ ವರ್ಷ ನನಗೆ ಹೊಳೆಯಲೇ ಇಲ್ಲ.